ಹಣೆಬರಹ ಎನ್ನುವ ಮುನ್ನ

ಕನ್ನಡಿಗರ ನಾಲಿಗೆಯ ಮೇಲೆ ದಿನಕ್ಕೊಮ್ಮೆಯಾದರೂ ಬಂದುಹೋಗುವ ಮಾತುಗಳಲ್ಲಿ ‘ಹಣೆಬರಹ’ವೂ ಒಂದು. ಮಗಳಿಗೆ ಸಂಬಂಧ ಕೂಡಿಬರದಿದ್ದರೆ ಹಣೆಬರಹ. ಮಳೆ ಕೈಕೊಟ್ಟು ಬೆಳೆ ಒಣಗಿದರೆ ವಿಧಿ. ಮಗ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅದೃಷ್ಟ, ನಪಾಸಾದರೆ ‘ನನ್ನ ಕರ್ಮ’. ನೆಂಟರ ಮನೆಯ ಸಾವಿಗೆ ಹೋದಾಗ ಏನು ಹೇಳಬೇಕೆಂದು ತೋಚದೆ ‘ಋಣ ತೀರಿತು, ಅವರ ಹಣೆಯಲ್ಲಿ ಅಷ್ಟೇ ಬರೆದಿತ್ತು’ ಎಂದು ಹೇಳಿ ಎದ್ದು ಬರುತ್ತೇವೆ. ಈ ಮಾತುಗಳು ಎಷ್ಟು ಸವೆದುಹೋಗಿವೆಯೆಂದರೆ, ಅವುಗಳ ಅರ್ಥವೇನೆಂದು ನಿಂತು ಯೋಚಿಸುವವರು ವಿರಳ.

ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದ ನಾನೂ ಬಹುಕಾಲ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ ಪ್ರಸಂಗವೊಂದನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ.

ನಾನು ಸೇವೆಗೆ ಸೇರಿದ ಆರಂಭದ ವರ್ಷಗಳಲ್ಲಿ ಆರನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ವಯಸ್ಸಿಗೆ ಮೀರಿದ ಎತ್ತರ. ಆದ್ದರಿಂದ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಬಾಯಿಲೆಕ್ಕ ಕೇಳಿದರೆ ತಕ್ಷಣ ಉತ್ತರಿಸುವಳು. ಹಲಗೆಯ ಮೇಲೆ ಬರೆದ ಲೆಕ್ಕವನ್ನು ಮಾತ್ರ ಪಕ್ಕದವಳ ಪುಸ್ತಕ ನೋಡಿ ತಪ್ಪು ತಪ್ಪಾಗಿ ಬರೆದುಕೊಳ್ಳುವಳು. ನಾನು ಗದರಿದ್ದುಂಟು. ಒಮ್ಮೆ ಅವಳ ತಂದೆಯನ್ನು ಕರೆಸಿದೆ. ಅವರು ಕೈಕಟ್ಟಿ ನಿಂತು, ‘ಇವಳ ಹಣೇಲಿ ವಿದ್ಯೆ ಬರೆದಿಲ್ಲ ಬಿಡಿ ಮೇಷ್ಟ್ರೇ’ ಎಂದರು. ನಾನು ತಲೆಯಾಡಿಸಿದೆ. ಬಾಲ್ಯದಿಂದ ಬಸದಿಯಲ್ಲಿ ಪ್ರವಚನ ಕೇಳಿ ಬೆಳೆದವನು; ‘ಜ್ಞಾನಾವರಣ ಕರ್ಮದ ಉದಯ’ ಎಂಬ ದೊಡ್ಡ ಮಾತೊಂದು ನನ್ನ ಬಳಿ ಸಿದ್ಧವಾಗಿತ್ತು. ಅದನ್ನು ಮನಸ್ಸಿನಲ್ಲೇ ಹೇಳಿಕೊಂಡು ಹಾಜರಿ ಪುಸ್ತಕ ಮುಚ್ಚಿದೆ. ಏಳನೆಯ ತರಗತಿಗೆ ಅವಳ ಓದು ನಿಂತಿತು.

ಇಪ್ಪತ್ತು ವರ್ಷಗಳು ಕಳೆದಿರಬೇಕು. ನಮ್ಮ ಊರಿನಲ್ಲಿ ಏರ್ಪಟ್ಟಿದ್ದ ಉಚಿತ ನೇತ್ರ ತಪಾಸಣೆಯ ಶಿಬಿರದಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಮಗಳ ಕೈಹಿಡಿದು ಬಂದ ಹೆಣ್ಣುಮಗಳೊಬ್ಬಳು ‘ನಮಸ್ಕಾರ ಮೇಷ್ಟ್ರೇ’ ಎಂದಳು. ಅವಳೇ. ವೈದ್ಯರು ಪರೀಕ್ಷೆಯ ಚೌಕಟ್ಟನ್ನು ಕಣ್ಣಿಗೆ ಹಾಕಿ ಒಂದೊಂದೇ ಗಾಜನ್ನು ಬದಲಿಸುತ್ತಿದ್ದಂತೆ ಅವಳು ಗೋಡೆಯ ಮೇಲಿನ ಅಕ್ಷರಗಳನ್ನು ಓದತೊಡಗಿದಳು. ಕಡೆಯ ಸಾಲಿನವರೆಗೂ ಓದಿ, ನನ್ನ ಕಡೆ ತಿರುಗಿ ಕೇಳಿದಳು: ‘ಮೇಷ್ಟ್ರೇ, ಆಗ ಬೋರ್ಡಿನ ಮೇಲೂ ಅಕ್ಷರ ಹೀಗೇ ಸ್ಪಷ್ಟವಾಗಿ ಇರುತ್ತಿತ್ತಾ?’

ನನಗೆ ಉತ್ತರ ಹೊಳೆಯಲಿಲ್ಲ. ಆಕೆಯ ಹಣೆಯಲ್ಲಿ ವಿದ್ಯೆ ಬರೆದಿರಲಿಲ್ಲವೆಂದು ತೀರ್ಮಾನಿಸಿದ್ದು ವಿಧಿಯಲ್ಲ. ಆಕೆಯ ತಂದೆ ಮತ್ತು ನಾನು. ಅಂದಿನಿಂದ ಈ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ಜಿನಾಗಮದ ಬೆಳಕಿನಲ್ಲಿ ತಿಳಿಯಲು ನನ್ನ ಅಲ್ಪಮತಿಗೆ ಎಟುಕುವಷ್ಟು ಪ್ರಯತ್ನಿಸುತ್ತ ಬಂದಿದ್ದೇನೆ. ಆ ಸ್ವಾಧ್ಯಾಯದ ಸಾರವನ್ನು ಓದುಗರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಪದಗಳು ಹೇಳುವ ಕಥೆ

ಒಂದೇ ಎಂಬಂತೆ ನಾವು ಬಳಸುವ ಈ ಪದಗಳ ಮೂಲಾರ್ಥ ಒಂದೇ ಅಲ್ಲ. ‘ವಿಧಿ’ಯೆಂದರೆ ವಿಧಿಸಿದ್ದು, ಕಟ್ಟಳೆ, ಪೂಜಾವಿಧಿ ಎನ್ನುವಾಗಲೂ ಅದೇ ಪದ. ‘ದೈವ’ ಎಂದರೆ ದೇವರಿಂದ ಬಂದದ್ದು. ‘ಭಾಗ್ಯ’ ಎಂದರೆ ನಮ್ಮ ಪಾಲಿಗೆ ಬಂದ ಭಾಗ. ‘ನಿಯತಿ’ ಎಂದರೆ ನಿಯತವಾದದ್ದು, ಕದಲದಂತೆ ಗೊತ್ತಾದದ್ದು. ‘ಪ್ರಾರಬ್ಧ’ ಎಂದರೆ ಆರಂಭವಾಗಿಬಿಟ್ಟದ್ದು. ‘ಅದೃಷ್ಟ’ ಎಂದರೆ ಕಾಣದಿರುವುದು, ಅಷ್ಟೇ. ಅದು ಒಳ್ಳೆಯದೂ ಆಗಿರಬಹುದು, ಕೆಟ್ಟದ್ದೂ ಆಗಿರಬಹುದು. ಕನ್ನಡದ ಆಡುಮಾತಿನಲ್ಲಿ ಮಾತ್ರ ಅದೃಷ್ಟವೆಂದರೆ ಲಾಟರಿ ಹೊಡೆದಂತೆ ಬರುವ ಒಳ್ಳೆಯದು, ಪ್ರಾರಬ್ಧವೆಂದರೆ ತಲೆಗೆ ಸುತ್ತಿಕೊಂಡ ಕೆಟ್ಟದ್ದು ಎಂದಾಗಿಬಿಟ್ಟಿದೆ. ‘ಕರ್ಮ’ದ ಗತಿಯೂ ಅದೇ. ಶುಭ, ಅಶುಭಗಳೆರಡನ್ನೂ ಒಳಗೊಂಡ ಆ ಪದವನ್ನು ಹಾಲು ಉಕ್ಕಿದಾಗ, ಬಸ್ಸು ತಪ್ಪಿದಾಗ ಹಣೆ ಚಚ್ಚಿಕೊಳ್ಳಲು ಬಳಸುತ್ತೇವೆ.

‘ಹಣೆಬರಹ’ ಎಂಬ ಅಚ್ಚಗನ್ನಡದ ಮಾತಿನ ಹಿಂದೆ ಒಂದು ಚಿತ್ರವಿದೆ. ಮಗು ಹುಟ್ಟಿದಾಗ ಬ್ರಹ್ಮನು ಬಂದು ಅದರ ಹಣೆಯ ಮೇಲೆ ಮುಂದಿನದನ್ನೆಲ್ಲ ಬರೆದುಹೋಗುತ್ತಾನೆ ಎಂಬ ನಂಬಿಕೆಯ ಚಿತ್ರ ಅದು. ಜೈನದರ್ಶನದಲ್ಲಿ ಜಗತ್ತನ್ನು ಸೃಷ್ಟಿಸುವ, ಸುಖದುಃಖಗಳನ್ನು ಹಂಚುವ ಈಶ್ವರನಿಲ್ಲ. ಬರೆಯುವವನೇ ಇಲ್ಲವೆಂದಮೇಲೆ ಬರಹವೆಲ್ಲಿ ಎಂಬ ಪ್ರಶ್ನೆ ಸಹಜ. ಈ ಪ್ರಶ್ನೆಗೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಗುರುಗಳಾಗಿದ್ದ, ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಸೊಗಸಾದ ಉತ್ತರ ಕೊಡುತ್ತಾರೆ. ಸೃಷ್ಟಿಕರ್ತನಿದ್ದಾನೆಂಬ ವಾದವನ್ನು ಪರಿಶೀಲಿಸುವ ಸಂದರ್ಭದಲ್ಲಿ ಅವರು, ವಿಧಿ, ಸ್ರಷ್ಟಾ, ವಿಧಾತಾ, ದೈವ, ಪುರಾಕೃತ, ಈಶ್ವರ ಎಂಬುವೆಲ್ಲ ಕರ್ಮವೆಂಬ ಬ್ರಹ್ಮನಿಗೆ ಸಲ್ಲುವ ಪರ್ಯಾಯನಾಮಗಳೆಂದು ತಿಳಿಯಬೇಕು ಎನ್ನುತ್ತಾರೆ. ಲೋಕ ಬಳಸುವ ಪದಗಳನ್ನು ಆಚಾರ್ಯರು ನಿಷೇಧಿಸಲಿಲ್ಲ. ಆ ಪದಗಳ ಬೆರಳು ಯಾರನ್ನು ತೋರಿಸಬೇಕೆಂಬುದನ್ನು ತಿದ್ದಿದರು. ಬೆರಳು ಆಕಾಶದ ಕಡೆ ಇತ್ತು. ಅದನ್ನು ನಮ್ಮ ಎದೆಯ ಕಡೆಗೆ ತಿರುಗಿಸಿದರು. ಬರಹವಿದೆ, ಆದರೆ ಬರೆದ ಕೈ ನಮ್ಮದೇ.

ಕುಂಬಾರ ಸದ್ದಾಲಪುತ್ರನ ಮಡಕೆಗಳು

ಭಗವಾನ್ ಮಹಾವೀರರ ಕಾಲದಲ್ಲಿ ಎಲ್ಲವೂ ನಿಯತಿಯಿಂದಲೇ ನಡೆಯುತ್ತದೆ, ಜೀವಿಯ ಪ್ರಯತ್ನಕ್ಕೆ ಏನೊಂದೂ ಬೆಲೆಯಿಲ್ಲ ಎಂದು ಬೋಧಿಸುತ್ತಿದ್ದ ಪಂಥವೊಂದಿತ್ತು. ಅದು ಆಜೀವಿಕ ಪಂಥ. ಅದರ ನಾಯಕ ಮಂಖಲಿ ಗೋಶಾಲ. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಉಪಾಸಕದಶಾಂಗದಲ್ಲಿ ಆ ಪಂಥದ ಅನುಯಾಯಿಯಾಗಿದ್ದ ಸದ್ದಾಲಪುತ್ರನೆಂಬ ಕುಂಬಾರನ ಕಥೆ ಬರುತ್ತದೆ.

ಪೋಲಾಸಪುರದ ಸದ್ದಾಲಪುತ್ರ ಸಿರಿವಂತ. ಅನೇಕ ಮಡಕೆಯಂಗಡಿಗಳ ಒಡೆಯ. ಒಂದು ದಿನ ಆತ ಹಸಿ ಮಡಕೆಗಳನ್ನು ಒಳಗಿನಿಂದ ತಂದು ಬಿಸಿಲಿಗೆ ಇಡುತ್ತಿದ್ದಾಗ ಮಹಾವೀರರು ಕೇಳುತ್ತಾರೆ: ಈ ಮಡಕೆಗಳು ಹೇಗಾದವು? ಆತ ತನ್ನ ಕಸುಬನ್ನು ವಿವರಿಸುತ್ತಾನೆ. ಮಣ್ಣು ತಂದು, ನೀರು ಹಾಕಿ ಕಲಸಿ, ಬೂದಿ ಸಗಣಿ ಸೇರಿಸಿ ಹದಮಾಡಿ, ತಿಗರಿಯ ಮೇಲಿಟ್ಟು ತಿರುಗಿಸಿದರೆ ಮಡಕೆಯಾಗುತ್ತದೆ. ಹಾಗಾದರೆ ಇವು ಪ್ರಯತ್ನದಿಂದ ಆದವೋ, ಪ್ರಯತ್ನವಿಲ್ಲದೆ ಆದವೋ? ಸದ್ದಾಲಪುತ್ರನು ತನ್ನ ಮತಕ್ಕೆ ತಕ್ಕಂತೆ, ಪ್ರಯತ್ನವೆಂಬುದೇ ಇಲ್ಲ, ಎಲ್ಲವೂ ನಿಯತ ಎನ್ನುತ್ತಾನೆ.

ಆಗ ಮಹಾವೀರರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಯಾರಾದರೂ ಬಂದು ನಿನ್ನ ಮಡಕೆಗಳನ್ನು ಕದ್ದರೆ, ಒಡೆದರೆ, ನಿನ್ನ ಮಡದಿ ಅಗ್ನಿಮಿತ್ರೆಯೊಡನೆ ಅನುಚಿತವಾಗಿ ನಡೆದುಕೊಂಡರೆ ಏನು ಮಾಡುವೆ? ಬೈಯುತ್ತೇನೆ, ಹೊಡೆಯುತ್ತೇನೆ, ಕಟ್ಟಿಹಾಕುತ್ತೇನೆ ಎಂದು ಆತ ಸಿಡಿದೇಳುತ್ತಾನೆ. ಎಲ್ಲವೂ ನಿಯತವಾಗಿದ್ದರೆ ಒಡೆದವನೂ ಇಲ್ಲ, ಒಡೆದ ತಪ್ಪೂ ಇಲ್ಲ. ನಿನ್ನ ಕೋಪಕ್ಕೆ ಆಧಾರವೇನು? ನೀನು ಅವನನ್ನು ದಂಡಿಸುವೆಯಾದರೆ ನಿನ್ನ ಮತವೇ ಸುಳ್ಳಾಗುತ್ತದೆಯಲ್ಲ? ಸದ್ದಾಲಪುತ್ರನಿಗೆ ತಿಳಿವು ಮೂಡುತ್ತದೆ. ಮುಂದೆ ಆತ ಹನ್ನೆರಡು ವ್ರತಗಳನ್ನು ಸ್ವೀಕರಿಸಿ ಶ್ರಾವಕನಾಗುತ್ತಾನೆ.

ಈ ಕಥೆ ನಮ್ಮೆಲ್ಲರ ನಡತೆಗೆ ಹಿಡಿದ ಕನ್ನಡಿ. ನಾವು ಮಾಡಬೇಕಾದದ್ದನ್ನು ಮಾಡದೆ ಬಿಟ್ಟಾಗ ವಿಧಿವಾದಿಗಳು. ಪರರು ನಮಗೆ ಮಾಡಬಾರದ್ದನ್ನು ಮಾಡಿದಾಗ ಮಾತ್ರ ಪುರುಷಾರ್ಥವಾದಿಗಳು. ಬೇಲಿ ಒತ್ತುವರಿ ಮಾಡಿದ ನೆರೆಯವನ ಮೇಲೆ ದಾವೆ ಹೂಡುವಾಗ ‘ನನ್ನ ಹಣೆಬರಹ’ ಎಂದು ಸುಮ್ಮನಿರುವವರನ್ನು ನಾನು ಕಂಡಿಲ್ಲ.

ದೈವವೋ ಪೌರುಷವೋ

ಹಾಗೆಂದು ಎಲ್ಲವೂ ನಮ್ಮ ಪ್ರಯತ್ನದಿಂದಲೇ ಎನ್ನೋಣವೇ? ಅದೂ ಏಕಾಂತವೇ ಆಗುತ್ತದೆ. ಆಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಈ ಎರಡೂ ಪಕ್ಷಗಳನ್ನು ತೂಗಿ ನೋಡಿದ್ದಾರೆ. ಕಾರ್ಯಸಿದ್ಧಿ ದೈವದಿಂದ ಮಾತ್ರವೇ ಎಂದರೆ, ಆ ದೈವವು ಹಿಂದಿನ ಪುರುಷಪ್ರಯತ್ನದಿಂದ ಹುಟ್ಟಿತೆಂದು ಹೇಳಲು ಬರುವುದಿಲ್ಲ; ದೈವದಿಂದಲೇ ದೈವ ಹುಟ್ಟುತ್ತ ಹೋಗುವುದಾದರೆ ಅದಕ್ಕೆ ಕೊನೆಯೇ ಇಲ್ಲ, ಮೋಕ್ಷವೂ ಇಲ್ಲ, ಸಾಧನೆಯೆಲ್ಲ ವ್ಯರ್ಥ. ಇನ್ನು ಪೌರುಷವೊಂದರಿಂದಲೇ ಸಿದ್ಧಿ ಎಂದರೆ, ಪ್ರಯತ್ನಿಸಿದ ಪ್ರಾಣಿಗಳೆಲ್ಲ ಗೆಲ್ಲಬೇಕಿತ್ತು; ಒಬ್ಬನ ಪ್ರಯತ್ನವೂ ಸೋಲಬಾರದಿತ್ತು. ಒಂದೇ ಹೊಲದಲ್ಲಿ ಒಂದೇ ಬಗೆಯಾಗಿ ದುಡಿದ ಅಣ್ಣತಮ್ಮಂದಿರ ಫಲ ಬೇರೆಯಾಗುವುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ.

ಸಮಂತಭದ್ರರ ನಿರ್ಣಯ ಅನೇಕಾಂತದ್ದು. ನಾವು ಬುದ್ಧಿಪೂರ್ವಕವಾಗಿ ಬಯಸದೆ, ಯೋಜಿಸದೆ ಒದಗಿದ ಇಷ್ಟಾನಿಷ್ಟಗಳಲ್ಲಿ ನಮ್ಮ ದೈವವು ಪ್ರಧಾನ. ಬುದ್ಧಿಪೂರ್ವಕವಾಗಿ ಕೈಗೊಂಡ ಕಾರ್ಯದ ಇಷ್ಟಾನಿಷ್ಟಗಳಲ್ಲಿ ನಮ್ಮ ಪೌರುಷವು ಪ್ರಧಾನ. ಎರಡೂ ಕಡೆ ‘ನಮ್ಮ’ ಎಂಬ ಮಾತಿರುವುದನ್ನು ಓದುಗರು ಗಮನಿಸಬೇಕು. ಇದಕ್ಕೆ ಅಷ್ಟಶತೀ ಎಂಬ ವ್ಯಾಖ್ಯಾನ ರಚಿಸಿದ ಅಕಲಂಕದೇವರು ಹಿಂದಿನ ಕರ್ಮ ಮತ್ತು ಯೋಗ್ಯತೆಯನ್ನು ದೈವವೆಂದು ಕರೆದು, ಅದು ಕಾಣದಿರುವುದರಿಂದ ಅದೃಷ್ಟ ಎನ್ನುತ್ತಾರೆ. ಈ ಜನ್ಮದಲ್ಲಿ ಮಾಡುವ ಚೇಷ್ಟೆಯೇ ಪೌರುಷ, ಅದು ಕಣ್ಣಿಗೆ ಕಾಣುವುದರಿಂದ ದೃಷ್ಟ. ನೆನ್ನೆಯ ಪೌರುಷವೇ ಇಂದಿನ ದೈವ. ಇಂದಿನ ಪೌರುಷವೇ ನಾಳೆಯ ದೈವ. ಇವೆರಡೂ ಬೇರೆ ಬೇರೆ ಒಡೆಯರಲ್ಲ. ಒಂದೇ ಹಗ್ಗದ ಎರಡು ತುದಿಗಳು.

ಸಿದ್ಧಸೇನ ದಿವಾಕರರ ಸನ್ಮತಿಸೂತ್ರವು ಇನ್ನಷ್ಟು ಬಿಡಿಸಿ ಹೇಳುತ್ತದೆ. ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷಪ್ರಯತ್ನ, ಈ ಐದರಲ್ಲಿ ಯಾವುದೊಂದನ್ನೇ ಕಾರಣವೆಂದು ಹಿಡಿದರೂ ಅದು ಮಿಥ್ಯಾತ್ವ. ಐದೂ ಕೂಡಿದಾಗ ಸಮ್ಯಕ್ತ್ವ. ಅಡಿಕೆ ತೋಟವಿರುವ ನಮ್ಮ ಕಡೆಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಡಿಕೆಯ ಗೋಟಿನಿಂದ ತೆಂಗು ಹುಟ್ಟದು, ಅದು ಸ್ವಭಾವ. ನೆಟ್ಟ ಮರುವರ್ಷವೇ ಗೊನೆ ಬಿಡದು, ಅದು ಕಾಲ. ಮೊಳಕೆ, ಸಸಿ, ಮರ, ಹಿಂಗಾರ, ಕಾಯಿ ಎಂಬ ಕ್ರಮ ತಪ್ಪದು, ಅದು ನಿಯತಿ. ಅಂಥ ತೋಟ ಒಬ್ಬನ ಪಾಲಿಗೆ ಒದಗಿಬಂದದ್ದು ಪೂರ್ವಕೃತ. ಇವೆಲ್ಲ ಇದ್ದೂ ನೀರು ಬಿಡದೆ, ಗೊಬ್ಬರ ಹಾಕದೆ, ಮಳೆಗಾಲಕ್ಕೆ ಮುನ್ನ ಔಷಧಿ ಸಿಂಪಡಿಸದೆ ಜಗಲಿಯ ಮೇಲೆ ಕುಳಿತವನ ತೋಟ ಏನಾಗುತ್ತದೆಂದು ಬಲ್ಲೆವು. ಕೊಳೆರೋಗ ಬಂದಮೇಲೆ ಆತ ಹೇಳುವ ಮಾತು ಯಾವುದೆಂಬುದನ್ನೂ ಬಲ್ಲೆವು.

ಬರೆದದ್ದನ್ನು ತಿದ್ದಬಹುದೇ?

ಹಣೆಬರಹ ಎಂಬ ಮಾತಿನಲ್ಲಿ ಅಡಗಿರುವ ದೊಡ್ಡ ಅಪಾಯವೆಂದರೆ ಅದು ಅಳಿಸಲಾಗದ ಬರಹ ಎಂಬ ಭಾವನೆ. ಜೈನ ಕರ್ಮಸಿದ್ಧಾಂತ ಹಾಗೆ ಹೇಳುವುದಿಲ್ಲ. ಮನವಚನಕಾಯಗಳ ಚಲನೆಗೆ ನಮ್ಮಲ್ಲಿ ಯೋಗವೆಂದು ಹೆಸರು. ಯೋಗದಿಂದ ಕರ್ಮದ ಪ್ರಕೃತಿ ಮತ್ತು ಪ್ರದೇಶ, ಅಂದರೆ ಅದರ ಬಗೆ ಮತ್ತು ಪ್ರಮಾಣ ನಿರ್ಧಾರವಾಗುತ್ತದೆ. ಕಷಾಯದಿಂದ ಸ್ಥಿತಿ ಮತ್ತು ಅನುಭಾಗ, ಅಂದರೆ ಅದು ಉಳಿಯುವ ಅವಧಿ ಮತ್ತು ಫಲದ ತೀವ್ರತೆ ನಿರ್ಧಾರವಾಗುತ್ತದೆ. ಆದರೆ ಕಟ್ಟಿದ ಕರ್ಮ ಕಟ್ಟಿದ ಹಾಗೆಯೇ ಫಲ ಕೊಡಬೇಕೆಂಬ ನಿಯಮವಿಲ್ಲ.

ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಕರ್ಮದ ಹತ್ತು ಕರಣಗಳನ್ನು, ಎಂದರೆ ಹತ್ತು ಅವಸ್ಥೆಗಳನ್ನು ಹೇಳಿದ್ದಾರೆ. ಶ್ರವಣಬೆಳಗೊಳದ ಬಾಹುಬಲಿಯನ್ನು ಕ್ರಿ.ಶ. 981ರ ಸುಮಾರಿಗೆ ಪ್ರತಿಷ್ಠಾಪಿಸಿದ ಚಾವುಂಡರಾಯನ ಗುರುಗಳು ಇವರು. ಚಾವುಂಡರಾಯನಿಗೆ ಗೊಮ್ಮಟನೆಂಬ ಹೆಸರಿದ್ದುದರಿಂದಲೇ ಗ್ರಂಥಕ್ಕೂ ಆ ಹೆಸರು ಬಂತು. 1359ರಲ್ಲಿ ಕೇಶವವರ್ಣಿಯು ಇದಕ್ಕೆ ಕನ್ನಡದಲ್ಲಿ ಟೀಕೆ ಬರೆದನೆಂಬುದು ನಮಗೆ ಹೆಮ್ಮೆಯ ವಿಷಯ.

ಕರ್ಮ ಅಂಟುವುದು ಬಂಧ. ಅಂಟಿ ಉಳಿದಿರುವುದು ಸತ್ತ್ವ. ಕಾಲ ಬಂದು ಫಲಿಸುವುದು ಉದಯ. ಕಾಲಕ್ಕೆ ಮೊದಲೇ ಫಲಿಸುವಂತೆ ಮಾಡುವುದು ಉದೀರಣೆ. ಅವಧಿ ಮತ್ತು ತೀವ್ರತೆ ಹೆಚ್ಚುವುದು ಉತ್ಕರ್ಷಣ, ಕಡಿಮೆಯಾಗುವುದು ಅಪಕರ್ಷಣ. ಒಂದು ಬಗೆಯ ಕರ್ಮವು ತನ್ನ ಜಾತಿಯ ಇನ್ನೊಂದಾಗಿ ಬದಲಾಗುವುದು ಸಂಕ್ರಮಣ. ಅಸಾತಾವೇದನೀಯವು ಸಾತಾವೇದನೀಯವಾಗಿ ಪರಿಣಮಿಸುವುದು ಇದಕ್ಕೆ ಉದಾಹರಣೆ. ಕೆಲಕಾಲ ಉದಯಕ್ಕೆ ಬಾರದಂತೆ ಅಡಗುವುದು ಉಪಶಮ. ಇನ್ನುಳಿದ ನಿಧತ್ತಿ ಮತ್ತು ನಿಕಾಚಿತಗಳು ಬಿಗಿಯಾದ ಗಂಟುಗಳು. ನಿಕಾಚಿತವನ್ನು ಹೆಚ್ಚಿಸಲೂ ಕುಗ್ಗಿಸಲೂ ಬದಲಿಸಲೂ ಆಗದು. ಲೋಕದವರು ಹಣೆಬರಹ ಎನ್ನುವ ಮಾತಿಗೆ ಹತ್ತಿರವಾದದ್ದೇನಾದರೂ ಇದ್ದರೆ ಅದು ಈ ನಿಕಾಚಿತ. ಹತ್ತು ಅವಸ್ಥೆಗಳಲ್ಲಿ ಅದು ಒಂದು ಮಾತ್ರ. ಅದೂ ಅಭೇದ್ಯವಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಾಳೆಗರಿಗಳ ಮೇಲೆ ಉಳಿದುಬಂದ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು, ಜಿನಬಿಂಬದ ದರ್ಶನದಿಂದ ನಿಧತ್ತ, ನಿಕಾಚಿತ ರೂಪದ ಕರ್ಮಗಳೂ ಕ್ಷಯವಾಗುವುದನ್ನು ಹೇಳಿದ್ದಾರೆ.

ಅಷ್ಟೇಕೆ, ಪ್ರತಿದಿನ ಬಸದಿಯಲ್ಲಿ ಅಷ್ಟದ್ರವ್ಯಗಳಿಂದ ಪೂಜಿಸುವಾಗ ಧೂಪವನ್ನು ಅರ್ಪಿಸುವುದು ಅಷ್ಟಕರ್ಮಗಳ ದಹನಕ್ಕಾಗಿ. ಬರೆದದ್ದು ಅಳಿಯುವುದೇ ಇಲ್ಲವಾದರೆ ನಾವು ಧೂಪ ಹಾಕುವುದು ಯಾತಕ್ಕೆ? ಪ್ರತಿಕ್ರಮಣ ಯಾತಕ್ಕೆ? ಬೆಳಿಗ್ಗೆ ಧೂಪವನ್ನು ಅರ್ಪಿಸಿ, ಮಧ್ಯಾಹ್ನ ‘ಹಣೆಬರಹ ತಪ್ಪಿಸಲು ಯಾರಿಂದಾದೀತು’ ಎನ್ನುವ ಶ್ರಾವಕನು ತಾನು ಮಾಡಿದ ಪೂಜೆಯನ್ನು ತಾನೇ ಅಲ್ಲಗಳೆದಂತೆ.

ಮಗಧದ ಶ್ರೇಣಿಕ ಮಹಾರಾಜನ ಕಥೆ ಈ ಸಿದ್ಧಾಂತಕ್ಕೆ ಜೀವಂತ ನಿದರ್ಶನ. ಧ್ಯಾನಸ್ಥರಾಗಿದ್ದ ಯಶೋಧರ ಮುನಿಗಳ ಕೊರಳಿಗೆ ಆತ ಸತ್ತ ಹಾವನ್ನು ಹಾಕಿದ. ಆ ಘೋರ ಭಾವದಿಂದ ಏಳನೆಯ ನರಕದ ಮೂವತ್ತಮೂರು ಸಾಗರೋಪಮ ಆಯುಷ್ಯವನ್ನು ಕಟ್ಟಿಕೊಂಡ. ರಾಣಿ ಚೇಲನೆಯೊಡನೆ ಮರಳಿ ಬಂದು ನೋಡಿದಾಗ ಮುನಿಗಳು ಉಪಸರ್ಗವನ್ನು ಸಹಿಸುತ್ತ ಹಾಗೆಯೇ ಇದ್ದರು. ಉಪಸರ್ಗ ನೀಗಿದಮೇಲೆ, ಹಾವು ಹಾಕಿದವನಿಗೂ ಅದನ್ನು ತೆಗೆದವಳಿಗೂ ಸಮಾನವಾಗಿ ಧರ್ಮವೃದ್ಧಿಯಾಗಲೆಂದು ಹರಸಿದರು. ಶ್ರೇಣಿಕನ ಎದೆ ಕರಗಿತು. ಮುಂದೆ ಮಹಾವೀರಸ್ವಾಮಿಯ ಸಮವಸರಣದಲ್ಲಿ ಆತ ಕ್ಷಾಯಿಕ ಸಮ್ಯಕ್ತ್ವವನ್ನು ಪಡೆದ. ಕಟ್ಟಿದ ನರಕಾಯು ತಪ್ಪಲಿಲ್ಲ. ಆಯುಕರ್ಮದ ಗತಿ ಬದಲಾಗದು. ಆದರೆ ಅದರ ಸ್ಥಿತಿ ಕುಗ್ಗಿತು. ಏಳನೆಯ ನರಕದ ಮೂವತ್ತಮೂರು ಸಾಗರೋಪಮವು ಮೊದಲನೆಯ ನರಕದ 84,000 ವರ್ಷಗಳಾಯಿತು. ಅದನ್ನು ಮುಗಿಸಿ ಬರುವ ಆ ಜೀವವೇ ಮುಂದಿನ ಚೌವೀಸಿಯ ಪ್ರಥಮ ತೀರ್ಥಂಕರ.

ಈ ಕಥೆಯ ಎರಡು ಮಗ್ಗುಲನ್ನೂ ನೋಡಬೇಕು. ಪಶ್ಚಾತ್ತಾಪಪಟ್ಟ ಮಾತ್ರಕ್ಕೆ ಮಾಡಿದ್ದೆಲ್ಲ ಮಾಫಿಯಾಗುವುದಿಲ್ಲ. ರಾಜನೆಂದು ರಿಯಾಯಿತಿಯೂ ಇಲ್ಲ. ಹಾಗೆಯೇ, ಮಾಡಬಾರದ್ದನ್ನು ಮಾಡಿದೆನೆಂದು ಮುಂದಿನ ಬಾಗಿಲು ಮುಚ್ಚುವುದೂ ಇಲ್ಲ. ತಪ್ಪದಿರುವುದರ ಅಳತೆಯನ್ನು ಕುಗ್ಗಿಸುವುದು, ಅದರಾಚೆಗಿನದನ್ನು ಕಟ್ಟುವುದು ಜೀವದ ಕೈಯಲ್ಲಿದೆ.

ಕೇವಲಿ ಅರಿತಿದ್ದಾರೆಂದರೆ

ಇಲ್ಲಿ ಒಂದು ಪ್ರಶ್ನೆ ಸ್ವಾಧ್ಯಾಯದಲ್ಲಿ ಆಗಾಗ ಏಳುತ್ತದೆ. ಕೇವಲಜ್ಞಾನಿಗಳು ಮೂರು ಕಾಲದ ಪರ್ಯಾಯಗಳನ್ನೂ ಅರಿಯುತ್ತಾರೆ. ನಾಳೆ ಏನಾಗುವುದೆಂದು ಅವರಿಗೆ ತಿಳಿದಿದೆಯೆಂದಮೇಲೆ ಅದು ನಿಶ್ಚಿತವೇ ಆಯಿತಲ್ಲ, ನಮ್ಮ ಪ್ರಯತ್ನವೇಕೆ? ಇದಕ್ಕೆ ಹಿರಿಯರು ಕೊಡುವ ಸಮಾಧಾನ ಸರಳ. ಜ್ಞಾನವು ಅರಿಯುತ್ತದೆ, ಮಾಡುವುದಿಲ್ಲ. ಪಂಚಾಂಗದಲ್ಲಿ ಗ್ರಹಣದ ಹೊತ್ತು ಬರೆದಿದೆಯೆಂದು ಪಂಚಾಂಗದಿಂದ ಗ್ರಹಣವಾಗುವುದಿಲ್ಲ. ಕೇವಲಿಗಳು ನಮ್ಮ ಫಲವನ್ನು ಅರಿತಂತೆ ಆ ಫಲಕ್ಕೆ ಕಾರಣವಾಗುವ ನಮ್ಮ ಪುರುಷಾರ್ಥವನ್ನೂ ಅರಿತಿದ್ದಾರೆ. ಓದಿ ತೇರ್ಗಡೆಯಾಗುವ ಹುಡುಗನನ್ನು ಅವರು ಓದದೆಯೇ ತೇರ್ಗಡೆಯಾದವನೆಂದು ಕಾಣುವುದಿಲ್ಲ.

ಸ್ವಾಮಿ ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಜಿನರು ಅರಿತಂತೆಯೇ ಆಗುವುದು, ಅದನ್ನು ಇಂದ್ರನೂ ತಪ್ಪಿಸಲಾರನು ಎಂಬ ಭಾವದ ಮಾತು ಬರುತ್ತದೆ. ಅದು ಯಾವ ಸಂದರ್ಭದಲ್ಲಿ ಬಂದಿದೆಯೆಂಬುದು ಮುಖ್ಯ. ಸಿರಿ ಬೇಕೆಂದು, ಕಷ್ಟ ತಪ್ಪಲೆಂದು ಕಂಡಕಂಡ ದೇವತೆಗಳ ಹಿಂದೆ ಅಲೆಯುವ ಮನಸ್ಸನ್ನು ನಿಲ್ಲಿಸಲು, ಭಯವನ್ನು ಕಳೆಯಲು ಬಂದ ಮಾತದು. ಭಯ ಕಳೆಯಲು ಹೇಳಿದ ಮಾತನ್ನು ಸೋಮಾರಿತನಕ್ಕೆ ದಿಂಬು ಮಾಡಿಕೊಳ್ಳುವುದು ಔಷಧವನ್ನು ಅನ್ನದಂತೆ ಉಂಡ ಹಾಗೆ.

ಪರರ ದುಃಖದೆದುರು

ಈಗ ಮೊದಲಿನ ಪ್ರಸಂಗಕ್ಕೆ ಮರಳುತ್ತೇನೆ. ಆ ಹುಡುಗಿಯ ವಿಷಯದಲ್ಲಿ ನಾನು ಬಳಸಿದ ‘ಜ್ಞಾನಾವರಣ’ ಎಂಬ ಪದ ಶಾಸ್ತ್ರದ್ದೇ. ತಪ್ಪಾದದ್ದು ಬಳಕೆಯಲ್ಲಿ. ಕರ್ಮವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಪಡೆದು ಫಲ ಕೊಡುತ್ತದೆ ಎಂದು ಓದಿದ್ದೆ. ಅವಳನ್ನು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಕೂರಿಸಿದ್ದರೆ ಕ್ಷೇತ್ರ ಬದಲಾಗುತ್ತಿತ್ತು. ಕಣ್ಣಿಗೊಂದು ಕನ್ನಡಕ ಬಂದಿದ್ದರೆ ದ್ರವ್ಯ ಬದಲಾಗುತ್ತಿತ್ತು. ಶಿಕ್ಷಕನಾದ ನಾನೇ ಅವಳ ಜ್ಞಾನದ ಕ್ಷಯೋಪಶಮಕ್ಕೆ ನಿಮಿತ್ತವಾಗಬೇಕಿದ್ದವನು. ನಿಮಿತ್ತವಾಗಬೇಕಾದವನು ನ್ಯಾಯಾಧೀಶನಾಗಿ ಕುಳಿತೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಆಮೇಲೆ ಓದಿದಾಗಲೆಲ್ಲ ನನಗೆ ನಡುಕ ಹುಟ್ಟಿದೆ. ಯಾವ ನಡತೆಯಿಂದ ಯಾವ ಕರ್ಮದ ಆಸ್ರವವಾಗುವುದೆಂದು ಅಲ್ಲಿ ಹೇಳಿದೆ. ಪರರ ಜ್ಞಾನಕ್ಕೆ ಅಡ್ಡಿಯಾಗುವುದು ಜ್ಞಾನಾವರಣದ ಆಸ್ರವಕ್ಕೆ ಕಾರಣಗಳಲ್ಲೊಂದು. ವಿಘ್ನವುಂಟುಮಾಡುವುದು ಅಂತರಾಯದ ಕಾರಣ. ತನಗಾಗಲಿ ಪರರಿಗಾಗಲಿ ದುಃಖ, ಶೋಕ, ಆಕ್ರಂದನಗಳನ್ನು ಉಂಟುಮಾಡುವುದು ಅಸಾತಾವೇದನೀಯದ ಕಾರಣ. ಪ್ರಾಣಿಗಳಲ್ಲಿ ಅನುಕಂಪ, ದಾನ, ಕ್ಷಮೆ ಮೊದಲಾದವು ಸಾತಾವೇದನೀಯದ ಕಾರಣ. ಇದರ ಅರ್ಥವೇನು? ಎದುರಿಗಿರುವವರ ಕಷ್ಟಕ್ಕೆ ‘ಅವರ ಕರ್ಮ’ ಎಂದು ಹೇಳಿ ಕೈಕಟ್ಟಿ ನಿಂತಾಗ ಅವರ ಕರ್ಮದ ಲೆಕ್ಕ ನಮಗೆ ತಿಳಿದಿರುವುದಿಲ್ಲ. ಆದರೆ ನಮ್ಮದು ಅದೇ ಕ್ಷಣದಲ್ಲಿ ಬರೆದಾಗುತ್ತಿರುತ್ತದೆ. ಅವಳ ಜ್ಞಾನಾವರಣವನ್ನು ನಾನು ಕಂಡೆನೆಂದುಕೊಂಡೆ. ನಿಜವಾಗಿ ಅಂದು ನಾನು ಕಟ್ಟಿಕೊಂಡದ್ದು ನನ್ನದನ್ನು.

ಹಸುಗೂಸನ್ನು ಕಳೆದುಕೊಂಡ ತಾಯಿಯ ಮುಂದೆ, ಕಾಯಿಲೆಯಿಂದ ಮಲಗಿದವನ ಮಂಚದ ಬಳಿ, ಗಂಡ ತೀರಿಕೊಂಡ ಹೆಣ್ಣಿನ ಎದುರು ‘ಪೂರ್ವಜನ್ಮದ ಪಾಪ’ ಎಂದು ಆಡುವವರು ತತ್ತ್ವ ಹೇಳಿದೆವೆಂದು ತಿಳಿದಿರುತ್ತಾರೆ. ಅದು ತತ್ತ್ವವಲ್ಲ, ದುಃಖದ ಮೇಲೆ ಹೊರಿಸಿದ ಅಪವಾದ. ಅಲ್ಲಿ ಆಡಬೇಕಾದ ಮಾತೇ ಬೇರೆ: ‘ನಾವಿದ್ದೇವಮ್ಮಾ’ ಎನ್ನುವುದು. ಮಾತು ಹೊರಡದಿದ್ದರೆ ಒಂದು ಹೊತ್ತಿನ ಊಟ ತಂದಿಡುವುದು, ಆಸ್ಪತ್ರೆಯಲ್ಲಿ ಒಂದು ರಾತ್ರಿ ಕೂರುವುದು. ಜೀವಗಳು ಒಂದಕ್ಕೊಂದು ಉಪಕಾರ ಮಾಡುವುವೆಂದು ಹೇಳಿದ ಧರ್ಮಕ್ಕೆ ಇದಕ್ಕಿಂತ ದೊಡ್ಡ ವ್ಯಾಖ್ಯಾನ ಬೇಕಿಲ್ಲ.

ಬಳಕೆಯ ಮೂರು ಎಚ್ಚರಗಳು

ಹಾಗಾದರೆ ವಿಧಿ, ಹಣೆಬರಹ, ಕರ್ಮ ಎಂಬ ಪದಗಳನ್ನು ಬಿಟ್ಟೇಬಿಡಬೇಕೇ? ಬೇಡ. ಜಿನಸೇನಾಚಾರ್ಯರೇ ಬಿಡಲಿಲ್ಲ. ಪಾಠ ಹೇಳಿದ ಅಭ್ಯಾಸಬಲದಿಂದ, ಇವುಗಳ ಬಳಕೆಗೆ ನಾನು ಇಟ್ಟುಕೊಂಡಿರುವ ಮೂರು ಎಚ್ಚರಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಈ ಪದ ಕಳೆದುದಕ್ಕೆ ಸಲ್ಲಬೇಕು, ಬರುವುದಕ್ಕಲ್ಲ. ಮಾಡಬೇಕಾದದ್ದನ್ನೆಲ್ಲ ಮಾಡಿ, ಫಲ ಕೈಗೂಡದಿದ್ದಾಗ ‘ಕರ್ಮದ ಉದಯ’ ಎಂದು ಸಮಾಧಾನ ತಂದುಕೊಳ್ಳುವುದು ಸಮತಾಭಾವ. ಮಾಡುವ ಮೊದಲೇ ಹಾಗೆನ್ನುವುದು ಪ್ರಮಾದ.

ಎರಡನೆಯದು, ಈ ಪದ ನಮಗೆ ಸಲ್ಲಬೇಕು, ಪರರಿಗಲ್ಲ. ನನ್ನ ಕಷ್ಟಕ್ಕೆ ನನ್ನ ಕರ್ಮ ಕಾರಣವೆಂದು ತಿಳಿದರೆ ಪರರ ಮೇಲಿನ ದ್ವೇಷ ಇಳಿಯುತ್ತದೆ. ಪರರ ಕಷ್ಟಕ್ಕೆ ಅವರ ಕರ್ಮ ಕಾರಣವೆಂದರೆ ನನ್ನ ಕರುಣೆ ಇಳಿಯುತ್ತದೆ. ಒಂದೇ ಪದ, ಒಂದು ಕಡೆ ಅಮೃತ, ಇನ್ನೊಂದು ಕಡೆ ವಿಷ.

ಮೂರನೆಯದು, ಈ ಪದವು ವಾಕ್ಯದ ಕೊನೆಯಾಗಬಾರದು. ‘ನನ್ನ ಹಣೆಬರಹ’ ಎಂದಮೇಲೆ ‘ಆದ್ದರಿಂದ ಇನ್ನು ಮುಂದೆ’ ಎಂಬ ಮಾತು ಬರಬೇಕು. ಬರೆದ ಕೈ ನಮ್ಮದೇ ಆಗಿರುವಾಗ ಮುಂದಿನ ಸಾಲನ್ನು ಬರೆಯಬೇಕಾದವರೂ ನಾವೇ.

ಈ ಮೂರನ್ನೂ ನನಗೆ ಕಲಿಸಿದವಳು ಅದೇ ಹೆಣ್ಣುಮಗಳು. ಅಂದು ಶಿಬಿರದಲ್ಲಿ ನಾನು ತಲೆತಗ್ಗಿಸಿ, ‘ತಪ್ಪು ನನ್ನದಮ್ಮಾ, ಅಂದು ಗಮನಿಸಬೇಕಿತ್ತು’ ಎಂದೆ. ಆಕೆ ನನ್ನನ್ನು ದೂರಲಿಲ್ಲ, ತಂದೆಯನ್ನೂ ದೂರಲಿಲ್ಲ. ‘ನನ್ನ ಹಣೆಬರಹ ಹಾಗಿತ್ತು, ಬಿಡಿ ಮೇಷ್ಟ್ರೇ’ ಎಂದು ನಕ್ಕು, ಮಗಳನ್ನು ಮುಂದಕ್ಕೆ ಕರೆದು ಕುರ್ಚಿಯ ಮೇಲೆ ಕೂರಿಸಿದಳು. ‘ಇವಳೂ ಪಕ್ಕದವರನ್ನು ನೋಡಿಯೇ ಬರೆಯುತ್ತಾಳಂತೆ. ಇವಳ ಕಣ್ಣೂ ನೋಡಲಿ.’

ಹಣೆಬರಹವೆಂಬ ಮಾತನ್ನು ಅಷ್ಟು ಶುದ್ಧವಾಗಿ ಬಳಸಿದವರನ್ನು ನಾನು ಬೇರೆ ಕಂಡಿಲ್ಲ. ಕಳೆದುದಕ್ಕೆ ಸಮತೆ, ದೂರದಿರುವ ಕ್ಷಮೆ, ಮುಂದಿನದಕ್ಕೆ ಪುರುಷಾರ್ಥ. ಕನ್ನಡಕ ಹಾಕಿಕೊಂಡ ಆ ಮಗು ಅಂದು ಶಿಬಿರದ ಬಾಗಿಲಲ್ಲಿ ನಿಂತು, ರಸ್ತೆಯ ಆಚೆಗಿನ ಅಂಗಡಿಯ ಫಲಕವನ್ನು ಗಟ್ಟಿಯಾಗಿ ಓದಿತು. ಅದನ್ನು ಕೇಳಿದ ದಿನದಿಂದ, ಯಾವ ಮಗುವಿನ ವಿಷಯದಲ್ಲೂ, ಯಾವ ಮನುಷ್ಯನ ವಿಷಯದಲ್ಲೂ ‘ಅವರ ಹಣೆಯಲ್ಲಿ ಬರೆದಿಲ್ಲ’ ಎಂಬ ಮಾತನ್ನು ನಾನು ಆಡಿಲ್ಲ. ಆ ಮಾತು ಬಾಯಿಗೆ ಬಂದಾಗಲೆಲ್ಲ ಒಂದು ಕ್ಷಣ ತಡೆದು, ನಾನು ಮಾಡಬಹುದಾದದ್ದು ಇನ್ನೇನಾದರೂ ಉಳಿದಿದೆಯೇ ಎಂದು ಕೇಳಿಕೊಳ್ಳುತ್ತೇನೆ. ಬಹಳ ಸಲ ಉಳಿದಿರುತ್ತದೆ.